ಹಿಸ್ಟರಿ ಓದಿ ಡಾಕ್ಟರ್ ಆಗಬಹುದಾ? ಅಮೆರಿಕದ ಮೆಡಿಕಲ್ ಸ್ಕೂಲ್‌ಗೆ ಕಾಲೇಜಿನಲ್ಲಿ ಕೋರ್ಸ್ ಆರಿಸುವ ಬಗೆ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಈ ಆಗಸ್ಟ್ ಕೊನೆಗೆ ಸ್ಟೇಟ್ ಯೂನಿವರ್ಸಿಟಿಗೆ ಸೇರುತ್ತಾಳೆ. ಡಾಕ್ಟರ್ ಆಗಬೇಕು ಅನ್ನೋ ಆಸೆ ಅವಳದ್ದೇ, ನಾವು ಹೇರಿದ್ದಲ್ಲ. ಆದರೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಮಾತ್ರ ಹಿಸ್ಟರಿ ತಗೋತೀನಿ ಅಂತಾಳೆ. ನಮ್ಮ ಯಜಮಾನರು ಬಯಾಲಜಿ, ಬಯೋಕೆಮಿಸ್ಟ್ರಿ ಎರಡರಲ್ಲೂ ಡಬಲ್ ಮೇಜರ್ ಮಾಡಲಿ ಅಂತಾರೆ. ಹೈಸ್ಕೂಲ್‌ನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಎಪಿ ಪರೀಕ್ಷೆಗಳಲ್ಲಿ ಅವಳಿಗೆ ಬಯಾಲಜಿಯಲ್ಲಿ ಐದಕ್ಕೆ 5, ಕೆಮಿಸ್ಟ್ರಿಯಲ್ಲಿ 4, ಕ್ಯಾಲ್ಕುಲಸ್‌ನಲ್ಲಿ 5 ಬಂದಿದೆ. ನೇರವಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹೋಗಬಹುದಾ? ಪರಿಚಯದವರ ಮಗ ಮೊದಲ ಸೆಮಿಸ್ಟರ್‌ನಲ್ಲೇ 18 ಕ್ರೆಡಿಟ್ (ಕೋರ್ಸ್‌ಗಳ ಭಾರ ಅಳೆಯುವ ಲೆಕ್ಕ) ತಗೊಂಡನಂತೆ. ಆರ್ಗ್ಯಾನಿಕ್ ಅನ್ನು ಬೇಸಿಗೆ ರಜೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಮುಗಿಸಿಬಿಡಿ ಅಂತ ಇನ್ನೊಬ್ಬರು ಹೇಳಿದರು. ಮೆಡಿಕಲ್ ಸಿಗದೇ ಹೋದರೆ ಹಿಸ್ಟರಿ ಡಿಗ್ರಿ ಇಟ್ಟುಕೊಂಡು ಏನು ಮಾಡೋದು ಅನ್ನೋದು ಯಜಮಾನರ ಚಿಂತೆ. ದಾರಿ ಹೇಳಿ.

ಉತ್ತರ: ಮಗಳು ಹಿಸ್ಟರಿಯನ್ನೇ ತೆಗೆದುಕೊಳ್ಳಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಮನೆಯ ಚರ್ಚೆ ಎಲ್ಲಾ ಮೇಜರ್ ಸುತ್ತಲೇ ನಡೆಯುತ್ತಿದೆ. ಅಮೆರಿಕದಲ್ಲಿ ಪ್ರಿ-ಮೆಡ್ ಮಕ್ಕಳಿಗೆ ಸಲಹೆ ಕೊಡುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಮೇಜರ್‌ನಿಂದಾಗಿ ಸೀಟು ತಪ್ಪಿದ ಮಕ್ಕಳನ್ನು ನಾನು ಕಂಡಿಲ್ಲ. ಸರಿಯಾದ ಕೋರ್ಸನ್ನು ತಪ್ಪು ಸಮಯದಲ್ಲಿ ತೆಗೆದುಕೊಂಡು, ಒಂದೇ ಸೆಮಿಸ್ಟರ್‌ನಲ್ಲಿ ಮೈಮೇಲೆ ಜಾಸ್ತಿ ಹಾಕಿಕೊಂಡು, ಗ್ರೇಡ್ ಕೆಡಿಸಿಕೊಂಡ ಮಕ್ಕಳನ್ನು ಪ್ರತಿ ವರ್ಷ ಕಾಣುತ್ತೇನೆ. ಹಾಗಾಗಿ ನಾನು ನೋಡುವುದು ಎರಡನ್ನು: ಯಾವುದರ ನಂತರ ಯಾವುದು, ಮತ್ತು ಒಂದು ಸಲಕ್ಕೆ ಎಷ್ಟು.

ನಿಮ್ಮ ಯಜಮಾನರ ಯೋಚನೆ ಎಲ್ಲಿಂದ ಬಂದಿದೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮೂರಲ್ಲಿ ಪಿಯುಸಿಗೆ ಪಿಸಿಬಿ ತಗೊಳ್ಳಬೇಕು. ಆಮೇಲೆ ನೀಟ್ ಬರೆಯಬೇಕು. ರ‍್ಯಾಂಕ್ ಬಂದರೆ ಸೀಟು, 18ನೇ ವಯಸ್ಸಿಗೆ ಎಂಬಿಬಿಎಸ್ ಶುರು. ಅಲ್ಲಿ ಹಿಸ್ಟರಿ ತಗೊಂಡವರಿಗೆ ಮೆಡಿಕಲ್ ಬಾಗಿಲು ಮುಚ್ಚಿದಂತೆಯೇ. ಅಮೆರಿಕದ ಲೆಕ್ಕ ಬೇರೆ. ಇಲ್ಲಿ ಮೊದಲು 4 ವರ್ಷದ ಬ್ಯಾಚುಲರ್ ಡಿಗ್ರಿ, ಆಮೇಲೆ 4 ವರ್ಷದ ಮೆಡಿಕಲ್ ಸ್ಕೂಲ್, ಆಮೇಲೆ ರೆಸಿಡೆನ್ಸಿ ಅನ್ನೋ ಆಸ್ಪತ್ರೆ ತರಬೇತಿ. ಡಿಗ್ರಿ ಯಾವುದರಲ್ಲಿ ಇದ್ದರೂ ಆಗುತ್ತದೆ. ಸಂಗೀತವೂ ಆಗುತ್ತದೆ, ಇಕನಾಮಿಕ್ಸ್ ಕೂಡ ಆಗುತ್ತದೆ. ಪ್ರಿ-ಮೆಡ್ ಅಂತ ಹೇಳುತ್ತಾರಲ್ಲ, ಹೆಚ್ಚಿನ ಕಾಲೇಜುಗಳಲ್ಲಿ ಅದೊಂದು ಡಿಗ್ರಿಯೇ ಅಲ್ಲ. ಮೆಡಿಕಲ್ ಸ್ಕೂಲ್‌ಗಳು ಕೇಳುವ ಕೆಲವು ಕೋರ್ಸ್‌ಗಳನ್ನು ಮುಗಿಸುವ ದಾರಿಗೆ ಇಟ್ಟ ಹೆಸರು ಅಷ್ಟೇ.

ಒಂದು ವರ್ಷಕ್ಕೆ ಸುಮಾರು 52,000 ಜನ ಎಂಡಿ ಕೋರ್ಸ್‌ಗೆ (ಇಲ್ಲಿ ಮೆಡಿಕಲ್ ಸ್ಕೂಲ್‌ನ 4 ವರ್ಷದ ಡಿಗ್ರಿಯೇ ಎಂಡಿ) ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23,000. ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಯಾಲಜಿ ಕಡೆಯವರು. ಹಿಸ್ಟರಿ, ಇಂಗ್ಲಿಷ್, ಫಿಲಾಸಫಿಯಂಥ ಸಬ್ಜೆಕ್ಟ್ ಓದಿದವರು ಸಂಖ್ಯೆಯಲ್ಲಿ ಕಡಿಮೆ. ಆದರೆ ಅವರಲ್ಲಿ ಸೀಟು ಸಿಕ್ಕವರ ಪ್ರಮಾಣ ಬಯಾಲಜಿಯವರಿಗಿಂತ ಕಡಿಮೆ ಏನಿಲ್ಲ, ಸ್ವಲ್ಪ ಜಾಸ್ತಿಯೇ ಇರುತ್ತದೆ. ಹಿಸ್ಟರಿ ಓದಿದ್ದಕ್ಕೇ ಸೀಟು ಸಿಗುತ್ತದೆ ಅಂತ ಇದರ ಅರ್ಥವಲ್ಲ. ಇಷ್ಟಪಟ್ಟು ಓದುವವರಿಗೆ ಗ್ರೇಡ್ ಚೆನ್ನಾಗಿ ಬರುತ್ತದೆ, ಅದು ಅರ್ಜಿಯಲ್ಲಿ ಕಾಣುತ್ತದೆ.

ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಮೆಡಿಕಲ್ ಸ್ಕೂಲ್ 1987ರಲ್ಲಿ ಒಂದು ದಿಟ್ಟ ಕೆಲಸ ಮಾಡಿತು. ಹ್ಯುಮ್ಯಾನಿಟೀಸ್ ಓದುತ್ತಿದ್ದ ಕಾಲೇಜು ಮಕ್ಕಳಿಗೆ ಮೊದಲೇ ಸೀಟು ಖಾತ್ರಿ ಮಾಡುವ ಕಾರ್ಯಕ್ರಮ ಶುರು ಮಾಡಿತು. ಅವರಿಗೆ ಮೆಡಿಕಲ್ ಸ್ಕೂಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆ ಇರಲಿಲ್ಲ, ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನೂ ಪೂರ್ತಿ ಓದಬೇಕಾಗಿರಲಿಲ್ಲ. ಈ ಮಕ್ಕಳು ಮೆಡಿಕಲ್ ಸ್ಕೂಲ್‌ನಲ್ಲಿ ಹೇಗೆ ಮಾಡಿದರು ಅಂತ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಟ್ಟಿನಲ್ಲಿ ಅವರು ಉಳಿದವರಿಗೆ ಸಮವಾಗಿಯೇ ಇದ್ದರು. ಯಜಮಾನರಿಗೆ ಇದನ್ನು ಓದಿ ಹೇಳಿ. ಆದರೆ ನಿಮ್ಮ ಮಗಳು ಸಾಮಾನ್ಯ ದಾರಿಯಲ್ಲಿ ಹೋಗುತ್ತಿದ್ದಾಳೆ. ಅವಳಿಗೆ ಎಂಕ್ಯಾಟ್ ತಪ್ಪುವುದಿಲ್ಲ, ಆರ್ಗ್ಯಾನಿಕ್ ಕೂಡ ತಪ್ಪುವುದಿಲ್ಲ.

ಈಗ ಬೇಕಾದ ಕೋರ್ಸ್‌ಗಳಿಗೆ ಬರೋಣ. ಬಯಾಲಜಿ ಒಂದು ವರ್ಷ, ಜನರಲ್ ಕೆಮಿಸ್ಟ್ರಿ ಒಂದು ವರ್ಷ, ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದು ವರ್ಷ, ಫಿಸಿಕ್ಸ್ ಒಂದು ವರ್ಷ. ನಾಲ್ಕಕ್ಕೂ ಲ್ಯಾಬ್ ಇರಬೇಕು. ಇದರ ಮೇಲೆ ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ, ಒಂದು ಸ್ಟ್ಯಾಟಿಸ್ಟಿಕ್ಸ್, ಎರಡು ಇಂಗ್ಲಿಷ್ ಅಥವಾ ಬರವಣಿಗೆಯ ಕೋರ್ಸ್. ಕಡ್ಡಾಯವಿಲ್ಲದ ಕಡೆಯೂ ಸೈಕಾಲಜಿ ಮತ್ತು ಸೋಷಿಯಾಲಜಿ ಒಂದೊಂದು ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲಾ ಸ್ಕೂಲ್‌ಗಳ ಪಟ್ಟಿ ಒಂದೇ ಥರ ಇರುವುದಿಲ್ಲ. ಸ್ಟ್ಯಾನ್‌ಫರ್ಡ್ ಇಂಥದ್ದೇ ಕೋರ್ಸ್ ಬೇಕು ಅಂತ ಕಟ್ಟುಪಾಡು ಹಾಕುವುದಿಲ್ಲ, ಯಾವುದು ಓದಿದ್ದರೆ ಒಳ್ಳೆಯದು ಅಂತ ಮಾತ್ರ ಹೇಳುತ್ತದೆ. ಟೆಕ್ಸಾಸ್‌ನ ಸರ್ಕಾರಿ ಸ್ಕೂಲ್‌ಗಳಲ್ಲಿ ಹೆಚ್ಚಿನವು ಸ್ಟ್ಯಾಟಿಸ್ಟಿಕ್ಸ್ ಕೇಳುತ್ತವೆ. ಯಾವ ಸ್ಕೂಲ್ ಏನು ಕೇಳುತ್ತದೆ ಅಂತ ತಿಳಿಯಲು ಎಂಎಸ್‌ಎಆರ್ ಅಂತ ಒಂದು ಆನ್‌ಲೈನ್ ಪಟ್ಟಿ ಇದೆ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿ ಅದನ್ನು ನಡೆಸುತ್ತದೆ. ವರ್ಷಕ್ಕೆ ಸಣ್ಣ ಚಂದಾ ಇದೆ. ಎರಡನೇ ವರ್ಷದಲ್ಲಿ ಒಂದು ಸಲ, ಅರ್ಜಿ ಹಾಕುವ ವರ್ಷದಲ್ಲಿ ಇನ್ನೊಂದು ಸಲ ತೆಗೆದುಕೊಂಡರೆ ಸಾಕು. ಬಂಧುಬಳಗದವರ ಮಾತಿಗಿಂತ ಅದನ್ನು ನಂಬಿ.

ಲೆಕ್ಕ ಹಾಕಿ ನೋಡಿ. ಲ್ಯಾಬ್ ಇರುವ ಒಂದು ವರ್ಷದ ಸೈನ್ಸ್ ಅಂದರೆ ಸುಮಾರು 8 ಕ್ರೆಡಿಟ್. ನಾಲ್ಕು ಸಬ್ಜೆಕ್ಟ್‌ಗೆ 32. ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್, ಸೈಕಾಲಜಿ, ಸೋಷಿಯಾಲಜಿ ಎಲ್ಲಾ ಸೇರಿದರೆ ಸುಮಾರು 50. ಡಿಗ್ರಿಗೆ ಬೇಕಾಗುವುದು 120 ಕ್ರೆಡಿಟ್. ಹಿಸ್ಟರಿ ಮೇಜರ್‌ಗೆ ಸಾಮಾನ್ಯವಾಗಿ 30ರಿಂದ 40. ಎರಡೂ ಸೇರಿ 90ರ ಒಳಗೇ ಮುಗಿಯುತ್ತದೆ. ಉಳಿದದ್ದು ಯೂನಿವರ್ಸಿಟಿಯ ಇತರ ನಿಯಮಗಳಿಗೆ, ಅವಳ ಇಷ್ಟಕ್ಕೆ. ಬಯಾಲಜಿ ಮೇಜರ್ ತೆಗೆದುಕೊಂಡವರಿಗೆ ಪ್ರಿ-ಮೆಡ್ ಕೋರ್ಸ್ ಬಹುಪಾಲು ಮೇಜರ್ ಒಳಗೇ ಬಂದುಬಿಡುತ್ತದೆ, ಅದು ನಿಜವಾದ ಅನುಕೂಲ. ಆದರೆ ಬಯಾಲಜಿ, ಬಯೋಕೆಮಿಸ್ಟ್ರಿ ಎರಡರಲ್ಲೂ ಡಬಲ್ ಮೇಜರ್ ಮಾಡಿದರೆ ಅರ್ಜಿಗೆ ಹೊಸದಾಗಿ ಏನೂ ಸೇರುವುದಿಲ್ಲ. ಎರಡೂ ಮೇಜರ್‌ಗಳು ಹೇಳುವುದು ಒಂದೇ ಮಾತು: ಈ ಹುಡುಗಿಗೆ ಸೈನ್ಸ್ ಬರುತ್ತದೆ. ಅದನ್ನು ಒಂದು ಸಲ ತೋರಿಸಿದರೆ ಸಾಕು.

ಕ್ರಮ ಮುಖ್ಯ ಅಂದೆನಲ್ಲ. ಅದರ ಬೆನ್ನೆಲುಬು ಕೆಮಿಸ್ಟ್ರಿ. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್ ಮುಗಿಯದೆ ಆರ್ಗ್ಯಾನಿಕ್‌ಗೆ ಬಿಡುವುದಿಲ್ಲ. ಆರ್ಗ್ಯಾನಿಕ್ ಆಗದೆ ಸಾಮಾನ್ಯವಾಗಿ ಬಯೋಕೆಮಿಸ್ಟ್ರಿಗೆ ಬಿಡುವುದಿಲ್ಲ. ಒಟ್ಟು ಐದು ಸೆಮಿಸ್ಟರ್. ಮೊದಲ ಸೆಮಿಸ್ಟರ್‌ನಲ್ಲೇ ಕೆಮಿಸ್ಟ್ರಿ ಶುರು ಮಾಡಿದರೆ ಮೂರನೇ ವರ್ಷದ ಮೊದಲ ಸೆಮಿಸ್ಟರ್‌ಗೆ ಬಯೋಕೆಮಿಸ್ಟ್ರಿ ಮುಗಿಯುತ್ತದೆ. ಆಮೇಲೆ ಎಂಕ್ಯಾಟ್ ಬರೆಯಬಹುದು. ಬಯಾಲಜಿ, ಫಿಸಿಕ್ಸ್ ಎರಡನ್ನೂ ಆಚೆ ಈಚೆ ಸರಿಸಬಹುದು. ಕೆಮಿಸ್ಟ್ರಿಯಲ್ಲಿ ಒಂದು ವರ್ಷ ತಪ್ಪಿದರೆ ಮುಂದಿನದ್ದೆಲ್ಲಾ ಒಂದು ವರ್ಷ ತಳ್ಳಿಹೋಗುತ್ತದೆ.

ಎಂಕ್ಯಾಟ್ ಒಳಗೆ ಏನಿದೆ ಅಂತ ನೋಡಿದರೆ ಕೋರ್ಸ್ ಆರಿಸುವುದು ಸುಲಭವಾಗುತ್ತದೆ. ಈಗಿನ ರೂಪದ ಪರೀಕ್ಷೆ 2015ರಿಂದ ಇದೆ. ಬ್ರೇಕ್ ಎಲ್ಲಾ ಸೇರಿ ಸುಮಾರು ಏಳೂವರೆ ಗಂಟೆ. ನಾಲ್ಕು ಭಾಗ. ಒಂದೊಂದಕ್ಕೆ 118ರಿಂದ 132 ಅಂಕ, ಒಟ್ಟು 472ರಿಂದ 528. ಸೀಟು ಸಿಕ್ಕಿ ಸೇರುವವರ ಸರಾಸರಿ 511, 512ರ ಹತ್ತಿರ ಇರುತ್ತದೆ. ಕೆಮಿಸ್ಟ್ರಿ-ಫಿಸಿಕ್ಸ್ ಭಾಗದಲ್ಲಿ ಜನರಲ್ ಕೆಮಿಸ್ಟ್ರಿ ಶೇಕಡಾ 30, ಫಿಸಿಕ್ಸ್ 25, ಬಯೋಕೆಮಿಸ್ಟ್ರಿ 25, ಆರ್ಗ್ಯಾನಿಕ್ ಬರೀ 15, ಉಳಿದ 5 ಬಯಾಲಜಿ. ಬಯಾಲಜಿ ಭಾಗದಲ್ಲಿ ಬಯಾಲಜಿ 65, ಬಯೋಕೆಮಿಸ್ಟ್ರಿ ಮತ್ತೆ 25, ಎರಡು ಕೆಮಿಸ್ಟ್ರಿಗಳು ತಲಾ 5. ಮೂರನೆಯದು ಸೈಕಾಲಜಿ 65, ಸೋಷಿಯಾಲಜಿ 30, ಬಯಾಲಜಿ 5. ನಾಲ್ಕನೆಯದು ಕಾರ್ಸ್ ಅಂತ ಕರೆಯುವ ಓದುವ ಭಾಗ. ಅದರಲ್ಲಿ ಸೈನ್ಸ್ ಒಂದು ಸಾಲೂ ಇಲ್ಲ.

ಇದನ್ನು ನೋಡಿದರೆ ಏನು ಗೊತ್ತಾಗುತ್ತದೆ? ಎಲ್ಲರೂ ಹೆದರುವ ಆರ್ಗ್ಯಾನಿಕ್‌ಗೆ ಪರೀಕ್ಷೆಯಲ್ಲಿ ಸಿಗುವ ಜಾಗ ಚಿಕ್ಕದು. ಬಯೋಕೆಮಿಸ್ಟ್ರಿ ಒಂದೇ ಸೆಮಿಸ್ಟರ್ ಕೋರ್ಸ್ ಆದರೂ ಎರಡು ಭಾಗಗಳಲ್ಲಿ ಕಾಲು ಕಾಲು ಪಾಲು ಅದರದ್ದೇ. ಹಾಗಾಗಿ ಬಯೋಕೆಮಿಸ್ಟ್ರಿಯನ್ನು ಎಂಕ್ಯಾಟ್‌ಗೆ ಮುಂಚಿನ ಸೆಮಿಸ್ಟರ್‌ನಲ್ಲಿ ಓದುವುದು ಬಹಳ ಒಳ್ಳೆಯದು. ತಲೆಯಲ್ಲಿ ಎಲ್ಲಾ ಹಸಿಯಾಗಿರುತ್ತದೆ. ಸೈಕಾಲಜಿ, ಸೋಷಿಯಾಲಜಿ ಒಂದೊಂದು ಇರಲಿ ಅಂದದ್ದೂ ಇದಕ್ಕೇ. ಇಡೀ ಪರೀಕ್ಷೆಯ ಕಾಲು ಭಾಗ ಈ ಎರಡು ಪರಿಚಯದ ಕೋರ್ಸ್‌ಗಳ ಮೇಲೆ ನಿಂತಿದೆ. ಬಹಳ ಮಕ್ಕಳು ಅದನ್ನು ಪುಸ್ತಕದಿಂದ ಕಂಠಪಾಠ ಮಾಡಿ ಹೋಗುತ್ತಾರೆ. ತರಗತಿಯಲ್ಲಿ ಕೂತು ಓದಿದವರಿಗೆ ಅಷ್ಟು ಕಷ್ಟಪಡುವ ಅಗತ್ಯ ಇರುವುದಿಲ್ಲ.

ಕಾರ್ಸ್ ಬಗ್ಗೆ ಒಂದು ಮಾತು. 90 ನಿಮಿಷದಲ್ಲಿ 53 ಪ್ರಶ್ನೆ. ಇತಿಹಾಸ, ಕಲೆ, ತತ್ವಶಾಸ್ತ್ರ, ಸಮಾಜದ ಬಗ್ಗೆ ಗಟ್ಟಿ ಬರಹಗಳನ್ನು ಕೊಟ್ಟು, ಬರೆದವರ ವಾದ ಏನು, ಅದರಲ್ಲಿ ಎಲ್ಲಿ ಬಿರುಕು ಇದೆ ಅಂತ ಕೇಳುತ್ತಾರೆ. ನಮ್ಮ ಮನೆಗಳ ಮಕ್ಕಳು ಸೈನ್ಸ್ ಭಾಗಗಳಲ್ಲಿ ಚೆನ್ನಾಗಿ ಮಾಡಿ ಇಲ್ಲಿ ಎಡವುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಎರಡು ತಿಂಗಳ ಕೋಚಿಂಗ್‌ನಿಂದ ಇದು ಬರುವುದಿಲ್ಲ. ಮೂರು ವರ್ಷ ಹಳೆಯ ದಾಖಲೆಗಳನ್ನು ಓದಿ, ಎರಡು ಇತಿಹಾಸಕಾರರ ವಾದಗಳನ್ನು ಪಕ್ಕ ಪಕ್ಕ ಇಟ್ಟು ಪ್ರಬಂಧ ಬರೆದವಳಿಗೆ ಇದು ದಿನನಿತ್ಯದ ಕೆಲಸ ಆಗಿರುತ್ತದೆ. ನಿಮ್ಮ ಮಗಳ ಮೇಜರ್ ಪರೀಕ್ಷೆಗೇ ಸಹಾಯಕ್ಕೆ ಬರುವ ಜಾಗ ಇದು.

ಈಗ 18 ಕ್ರೆಡಿಟ್ ವಿಷಯ. ದಯವಿಟ್ಟು ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಮೆಡಿಕಲ್ ಸ್ಕೂಲ್‌ನವರು ಮೊದಲು ನೋಡುವ ಸಂಖ್ಯೆಗಳಲ್ಲಿ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡ್‌ಗಳ ಸರಾಸರಿ, ಒಂದು. ಸೇರುವವರ ಸರಾಸರಿ ಜಿಪಿಎ 3.75ಕ್ಕಿಂತ ಮೇಲೆ ಇದೆ. ಎಂಡಿ ಅರ್ಜಿಗಳು ಹೆಚ್ಚಾಗಿ ಆಮ್‌ಕ್ಯಾಸ್ ಅನ್ನೋ ವ್ಯವಸ್ಥೆಯ ಮೂಲಕ ಹೋಗುತ್ತವೆ. ಅದು ಕಾಲೇಜು ಕೊಟ್ಟ ಜಿಪಿಎ ಅನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಎಲ್ಲಾ ಕಾಲೇಜಿನ ಎಲ್ಲಾ ಕೋರ್ಸ್‌ಗಳನ್ನೂ ಸೇರಿಸಿ ತಾನೇ ಲೆಕ್ಕ ಹಾಕುತ್ತದೆ. ಹೈಸ್ಕೂಲ್‌ನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತ ತೆಗೆದುಕೊಂಡದ್ದೂ ಅದರಲ್ಲಿ ಬರುತ್ತದೆ. ನಿಮ್ಮ ಮಗಳು ಹಾಗೆ ಏನಾದರೂ ಮಾಡಿದ್ದರೆ ಆ ಗ್ರೇಡ್ ಈಗಲೇ ಲೆಕ್ಕದಲ್ಲಿದೆ ಅಂತ ತಿಳಿಯಿರಿ. ಎ ಪ್ಲಸ್ ಬಂದರೂ 4.0, ಎ ಬಂದರೂ 4.0. ಎ ಮೈನಸ್ ಅಂದರೆ 3.7, ಬಿ ಪ್ಲಸ್ ಅಂದರೆ 3.3. ಒಂದು ಕೋರ್ಸ್‌ನಲ್ಲಿ ಸಿ ಬಂದು, ಮತ್ತೆ ಓದಿ ಎ ತಗೊಂಡರೆ ಕಾಲೇಜು ಹಳೆಯದನ್ನು ಅಳಿಸಬಹುದು. ಆಮ್‌ಕ್ಯಾಸ್ ಅಳಿಸುವುದಿಲ್ಲ. ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಿ ಮತ್ತು ಎ ಸೇರಿ ಬಿ ಆಗುತ್ತದೆ, ಅಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹುಡುಗನೊಬ್ಬ ಮೊದಲ ಎರಡು ವರ್ಷ ಜಾಸ್ತಿ ಹಾಕಿಕೊಂಡು 60 ಕ್ರೆಡಿಟ್‌ಗೆ 3.3 ತಂದ ಅಂತಿಟ್ಟುಕೊಳ್ಳಿ. ಮೂರನೇ ವರ್ಷ ಎಚ್ಚೆತ್ತು 30 ಕ್ರೆಡಿಟ್‌ನಲ್ಲೂ ಪೂರ್ತಿ ಎ ತೆಗೆದ. ಆಗ ಒಟ್ಟು 3.53 ಆಗುತ್ತದೆ. ಇಡೀ ವರ್ಷ ಒಂದೂ ಬಿ ಇಲ್ಲದೆ ಓದಿದರೂ ಸರಾಸರಿಗಿಂತ ಕೆಳಗೆ. ನೇರವಾಗಿ ಹೋಗುವವರು ಅರ್ಜಿ ಹಾಕುವುದು ಮೂರನೇ ವರ್ಷದ ಕೊನೆಗೇ, ನಾಲ್ಕನೇ ವರ್ಷದ ಗ್ರೇಡ್ ಆಗ ಇರುವುದೇ ಇಲ್ಲ. ಶುರುವಿನಲ್ಲಿ ಬಿದ್ದ ಗ್ರೇಡ್ ಅನ್ನು ಆಮೇಲೆ ಎತ್ತುವುದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತದೆ. ಮೊದಲ ಸೆಮಿಸ್ಟರ್ ಅನ್ನು ಹಗುರವಾಗಿ ಇಡಿ ಅಂತ ನಾನು ಹೇಳುವುದು ಸೋಮಾರಿತನಕ್ಕಲ್ಲ. ಮಗು ಮನೆ ಬಿಟ್ಟು ಹೋಗಿರುತ್ತದೆ. ಊಟ, ನಿದ್ದೆ, ಹೊಸ ರೂಮ್‌ಮೇಟ್, ನೂರಾರು ಜನರ ಕೆಮಿಸ್ಟ್ರಿ ತರಗತಿ ಎಲ್ಲಾ ಒಟ್ಟಿಗೆ ಬರುತ್ತವೆ. 14 ಅಥವಾ 15 ಕ್ರೆಡಿಟ್ ಸಾಕು. ಲ್ಯಾಬ್ ಇರುವ ಸೈನ್ಸ್ ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ಇರಲಿ. ಆಮೇಲೆ ಎರಡು. ಮೂರನ್ನು ಒಟ್ಟಿಗೆ ಯಾವತ್ತೂ ಬೇಡ. ಪಟ್ಟಿಯಲ್ಲಿ ಲ್ಯಾಬ್‌ಗೆ ಒಂದೇ ಒಂದು ಕ್ರೆಡಿಟ್ ಅಂತ ಕಾಣುತ್ತದೆ. ಆದರೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ, ರಿಪೋರ್ಟ್ ಬರೆಯಲು ಒಂದು ರಾತ್ರಿ ಹೋಗುತ್ತದೆ. ಪರಿಚಯದವರ ಮಗ 18 ತಗೊಂಡು ಚೆನ್ನಾಗಿ ಮಾಡಿದ್ದರೆ ಸಂತೋಷ. ಆದರೆ 18 ತಗೊಂಡದ್ದಕ್ಕೆ ಯಾವ ಸ್ಕೂಲೂ ಪ್ರತ್ಯೇಕ ಅಂಕ ಕೊಡುವುದಿಲ್ಲ.

ಆಮ್‌ಕ್ಯಾಸ್ ಇನ್ನೊಂದು ಲೆಕ್ಕವನ್ನೂ ಹಾಕುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಮಾತ್ರ ಸೇರಿಸಿ ಬಿಸಿಪಿಎಂ ಅಂತ ಒಂದು ಸೈನ್ಸ್ ಜಿಪಿಎ. ಹಿಸ್ಟರಿ ಮೇಜರ್‌ನವರು ಇದನ್ನು ಗಮನಿಸಬೇಕು, ಯಾಕೆಂದರೆ ಅವರ ಸೈನ್ಸ್ ಕೋರ್ಸ್‌ಗಳು ಕಡಿಮೆ. ಒಂದು ಬಿ ಮೈನಸ್ ಬಿದ್ದರೂ ಸಂಖ್ಯೆ ಜಾಸ್ತಿ ಅಲುಗಾಡುತ್ತದೆ. ಸ್ಟ್ಯಾಟಿಸ್ಟಿಕ್ಸ್ ಇದರೊಳಗೆ ಮ್ಯಾಥ್ಸ್ ಅಂತ ಸೇರುತ್ತದೆ. ನ್ಯೂರೋಸೈನ್ಸ್, ಫಿಸಿಯಾಲಜಿ, ಜೆನೆಟಿಕ್ಸ್ ಬಯಾಲಜಿ ಅಂತ ಸೇರುತ್ತವೆ. ಸೈಕಾಲಜಿ, ಪಬ್ಲಿಕ್ ಹೆಲ್ತ್, ಕಂಪ್ಯೂಟರ್ ಸೈನ್ಸ್ ಸೇರುವುದಿಲ್ಲ. ಎಂಜಿನಿಯರಿಂಗ್ ಕೂಡ ಸೇರುವುದಿಲ್ಲ. ನಮ್ಮವರಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ತಗೊಂಡರೆ ಎರಡು ಕಡೆಗೂ ಆಯಿತು ಅನ್ನೋ ಯೋಚನೆ ಇದೆ. ಆ ಕಷ್ಟದ ಎಂಜಿನಿಯರಿಂಗ್ ಕೋರ್ಸ್‌ಗಳು ಸೈನ್ಸ್ ಜಿಪಿಎಗೆ ಬರುವುದಿಲ್ಲ, ಒಟ್ಟು ಜಿಪಿಎ ಅನ್ನು ಮಾತ್ರ ಕೆಳಗೆ ಎಳೆಯಬಹುದು. ಎಂಜಿನಿಯರಿಂಗ್ ನಿಜವಾಗಿ ಇಷ್ಟ ಇದ್ದವರು ಮಾತ್ರ ಆ ಕಡೆ ಹೋಗಲಿ.

ಹಾಗಾಗಿ ಮಗಳು ಕಡ್ಡಾಯದ ಕೋರ್ಸ್‌ಗಳ ಆಚೆಗೆ ಮೂರೋ ನಾಲ್ಕೋ ಮೇಲಿನ ಹಂತದ ಬಯಾಲಜಿ ಕೋರ್ಸ್ ತೆಗೆದುಕೊಂಡರೆ ಚೆನ್ನ. ನನ್ನ ಆಯ್ಕೆ ಮೊದಲು ಫಿಸಿಯಾಲಜಿ, ಆಮೇಲೆ ಸೆಲ್ ಬಯಾಲಜಿ ಅಥವಾ ಜೆನೆಟಿಕ್ಸ್. ಫಿಸಿಯಾಲಜಿ ಎಂಕ್ಯಾಟ್‌ಗೂ ಆಗುತ್ತದೆ, ಮೆಡಿಕಲ್ ಸ್ಕೂಲ್ ಮೊದಲ ವರ್ಷಕ್ಕೂ ಆಗುತ್ತದೆ. ಅನಾಟಮಿ ಬೇಕೇ ಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಬೇಕಿಲ್ಲ. ಅದನ್ನು ಮೆಡಿಕಲ್ ಸ್ಕೂಲ್‌ನಲ್ಲಿ ಬುಡದಿಂದ ಹೇಳಿಕೊಡುತ್ತಾರೆ.

ಎಪಿ ಅಂಕಗಳ ವಿಷಯ ಸ್ವಲ್ಪ ನಾಜೂಕಾಗಿ ನೋಡಬೇಕು, ಮೂರಕ್ಕೂ ಒಂದೇ ಉತ್ತರ ಇಲ್ಲ. ಎಪಿ ಕ್ರೆಡಿಟ್‌ಗೆ ಗ್ರೇಡ್ ಇರುವುದಿಲ್ಲ, ಜಿಪಿಎಗೆ ಸೇರುವುದಿಲ್ಲ. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಸಬ್ಜೆಕ್ಟ್ ಹೆಸರು, ಕ್ರೆಡಿಟ್ ಸಮೇತ ಬಂದಿದ್ದರೆ ಬಹಳ ಮೆಡಿಕಲ್ ಸ್ಕೂಲ್‌ಗಳು ಒಪ್ಪುತ್ತವೆ. ಕೆಲವು ಒಪ್ಪುವುದಿಲ್ಲ. ಇನ್ನು ಕೆಲವು, ಎಪಿ ಬಳಸಿದರೆ ಅದೇ ಸಬ್ಜೆಕ್ಟ್‌ನಲ್ಲಿ ಮೇಲಿನ ಹಂತದ ಕೋರ್ಸ್ ಮಾಡಿ ತೋರಿಸಿ ಅನ್ನುತ್ತವೆ. ಕ್ಯಾಲ್ಕುಲಸ್‌ನ 5 ಅನ್ನು ಧಾರಾಳವಾಗಿ ಬಳಸಿ, ಅದರ ಜಾಗದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಲಿ. ಡಾಕ್ಟರ್ ಆದವಳಿಗೆ ಒಂದು ಔಷಧದ ಪ್ರಯೋಗದ ವರದಿ ಓದಲು ಬೇಕಾಗುವುದು ಸ್ಟ್ಯಾಟಿಸ್ಟಿಕ್ಸ್. ಬಯಾಲಜಿಯ 5 ಅನ್ನೂ ಬಳಸಬಹುದು, ಆದರೆ ಮೇಲಿನ ಹಂತದ ಎರಡು ಬಯಾಲಜಿ ಕೋರ್ಸ್ ಲ್ಯಾಬ್ ಸಮೇತ ಮಾಡಲೇಬೇಕು.

ಕೆಮಿಸ್ಟ್ರಿಯ 4 ಅನ್ನು ಬಿಟ್ಟುಕೊಡಲಿ. ಕಾಲೇಜಿನಲ್ಲಿ ಜನರಲ್ ಕೆಮಿಸ್ಟ್ರಿಯಿಂದಲೇ ಶುರು ಮಾಡಲಿ. ಕಾಲೇಜಿಗೆ ಕಾಲಿಟ್ಟ ಮೊದಲ ತಿಂಗಳೇ ಆರ್ಗ್ಯಾನಿಕ್ ತರಗತಿಯಲ್ಲಿ ಎರಡನೇ ವರ್ಷದವರ ಮಧ್ಯೆ ಕೂರುವುದು ಬುದ್ಧಿವಂತ ಮಕ್ಕಳಿಗೂ ಕಷ್ಟ. ಹೈಸ್ಕೂಲ್‌ನಲ್ಲಿ ಕಲಿತ ಈಕ್ವಿಲಿಬ್ರಿಯಂ, ಆ್ಯಸಿಡ್-ಬೇಸ್ ಎಲ್ಲಾ ಇನ್ನೊಂದು ಸಲ ಓದಿದರೆ ಆರ್ಗ್ಯಾನಿಕ್ ನಿಲ್ಲುವ ನೆಲ ಗಟ್ಟಿಯಾಗುತ್ತದೆ. ಗೊತ್ತಿರುವ ವಿಷಯದಲ್ಲಿ ಎರಡು ಎ ಸಿಗುವ ಅವಕಾಶವೂ ಜಾಸ್ತಿ. ಅವಳು ಈ ಮಾತಿಗೆ ಮುಖ ಸಿಂಡರಿಸಬಹುದು. ಓದಿದ್ದನ್ನೇ ಮತ್ತೆ ಓದುವುದು ಯಾರಿಗೆ ಇಷ್ಟ, ಅಲ್ವಾ? ಆದರೆ ಎಂಕ್ಯಾಟ್‌ನ ಕೆಮಿಸ್ಟ್ರಿ-ಫಿಸಿಕ್ಸ್ ಭಾಗದಲ್ಲಿ ಶೇಕಡಾ 30 ಇರುವುದು ಈ ಕೆಮಿಸ್ಟ್ರಿಯೇ ಅಂತ ತೋರಿಸಿ.

ಕಮ್ಯುನಿಟಿ ಕಾಲೇಜಿನಲ್ಲಿ ಬೇಸಿಗೆ ಆರ್ಗ್ಯಾನಿಕ್ ಬಗ್ಗೆ ಕೇಳಿದ್ದೀರಿ. ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಅಲ್ಲಿಂದ ಯೂನಿವರ್ಸಿಟಿಗೆ ಹೋಗಿ ಒಳ್ಳೆಯ ಡಾಕ್ಟರ್ ಆದವರು ಎಷ್ಟೋ ಜನ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಹಣದ ಕಾರಣಕ್ಕೋ ಮನೆಯ ಕಾರಣಕ್ಕೋ ಅಲ್ಲಿ ಓದಿದ್ದರೆ ಮೆಡಿಕಲ್ ಸ್ಕೂಲ್‌ನವರಿಗೂ ಅದು ಅರ್ಥವಾಗುತ್ತದೆ. ಆದರೆ ಯೂನಿವರ್ಸಿಟಿಯಲ್ಲಿ ಓದುತ್ತಿರುವವಳು ಕಷ್ಟದ ಒಂದೇ ಕೋರ್ಸ್‌ಗೆ ಮಾತ್ರ ಹೊರಗೆ ಹೋದರೆ, ಅದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎದ್ದು ಕಾಣುತ್ತದೆ. ಯಾಕೆ ಹೋದಳು ಅನ್ನೋ ಪ್ರಶ್ನೆ ಬರುತ್ತದೆ. ಇನ್ನೊಂದು ತೊಂದರೆ, ಬೇಸಿಗೆಯಲ್ಲಿ ಒಂದು ಸೆಮಿಸ್ಟರ್‌ನ ಪಾಠವನ್ನು ಐದಾರು ವಾರಕ್ಕೆ ತುರುಕುತ್ತಾರೆ. ಆರ್ಗ್ಯಾನಿಕ್ ತಲೆಗೆ ಇಳಿಯಲು ದಿನಗಳು ಬೇಕು. ಬೇಸಿಗೆಯನ್ನು ಆಸ್ಪತ್ರೆಯಲ್ಲಿ ವಾಲಂಟಿಯರ್ ಕೆಲಸಕ್ಕೋ ರಿಸರ್ಚ್‌ಗೋ ಇಟ್ಟುಕೊಳ್ಳಲಿ. ಫಿಸಿಕ್ಸ್ ಒಂದನ್ನು ತನ್ನದೇ ಯೂನಿವರ್ಸಿಟಿಯಲ್ಲಿ ಬೇಸಿಗೆಗೆ ಹಾಕಿಕೊಂಡರೆ ಪರವಾಗಿಲ್ಲ.

ಗ್ರೇಡ್ ಬದಲು ಬರೀ ಪಾಸ್ ಅಥವಾ ಫೇಲ್ ಅಂತ ಬರೆಸಿಕೊಳ್ಳುವ ಪಾಸ್-ಫೇಲ್ ಆಯ್ಕೆಯನ್ನು ಕಡ್ಡಾಯದ ಸೈನ್ಸ್‌ಗೆ ಬಳಸಬಾರದು. ಬಹಳ ಸ್ಕೂಲ್‌ಗಳು ಅದನ್ನು ಒಪ್ಪುವುದಿಲ್ಲ.

ಕೋರ್ಸ್ ಆರಿಸುವಾಗ ಯಾರೂ ಯೋಚಿಸದ ಒಂದು ವಿಷಯ ಇದೆ: ಶಿಫಾರಸು ಪತ್ರ. ಬಹಳ ಮೆಡಿಕಲ್ ಸ್ಕೂಲ್‌ಗಳು ಇಬ್ಬರು ಸೈನ್ಸ್ ಪ್ರೊಫೆಸರ್‌ಗಳಿಂದ, ಒಬ್ಬ ಸೈನ್ಸ್ ಅಲ್ಲದ ಪ್ರೊಫೆಸರ್‌ರಿಂದ ಪತ್ರ ಕೇಳುತ್ತವೆ. ಮುನ್ನೂರು ಜನರ ತರಗತಿಯಲ್ಲಿ ಕೂತವಳ ಬಗ್ಗೆ ಪ್ರೊಫೆಸರ್ ಏನು ಬರೆಯಬಲ್ಲರು? ಪಟ್ಟಿಯಲ್ಲಿರುವ ಗ್ರೇಡ್ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆದ್ದರಿಂದ ಎರಡನೇ ವರ್ಷದ ಹೊತ್ತಿಗೆ ಮೇಲಿನ ಹಂತದ ಒಂದು ಚಿಕ್ಕ ಬಯಾಲಜಿ ತರಗತಿ ಹುಡುಕಿಕೊಳ್ಳಲಿ, ಇಪ್ಪತ್ತು ಮೂವತ್ತು ಜನ ಇರುವಂಥದ್ದು. ಪ್ರೊಫೆಸರ್ ಮಕ್ಕಳನ್ನು ಭೇಟಿಯಾಗಲು ಇಟ್ಟ ಆಫೀಸ್ ಅವರ್ಸ್‌ಗೆ ಹೋಗಲಿ. ಪ್ರಶ್ನೆ ಕೇಳಲಿ. ಹಿಸ್ಟರಿ ಕಡೆ ಈ ಸಮಸ್ಯೆಯೇ ಇಲ್ಲ. ಅಲ್ಲಿನ ಸೆಮಿನಾರ್‌ಗಳು ಚಿಕ್ಕವು. ಒಂದು ಸೆಮಿಸ್ಟರ್ ಪೂರ್ತಿ ಅವಳ ಬರವಣಿಗೆಯನ್ನು ತಿದ್ದಿದ ಪ್ರೊಫೆಸರ್ ಬರೆಯುವ ಪತ್ರಕ್ಕೆ ತೂಕವೇ ಬೇರೆ.

ಹಿಸ್ಟರಿಯನ್ನು ಮೆಡಿಸಿನ್ ಜೊತೆ ಬೆಸೆಯುವ ದಾರಿಗಳೂ ಇವೆ. ಹಿಸ್ಟರಿ ಆಫ್ ಮೆಡಿಸಿನ್, ಮೆಡಿಕಲ್ ಆಂಥ್ರಪಾಲಜಿ, ಬಯೋಎಥಿಕ್ಸ್ ಕೋರ್ಸ್‌ಗಳು ದೊಡ್ಡ ಯೂನಿವರ್ಸಿಟಿಗಳಲ್ಲಿ ಸಿಗುತ್ತವೆ. ಅವಳು ಓದುವ ಈ ಪ್ರಿ-ಮೆಡ್ ಪಟ್ಟಿಗೇ ಒಂದು ಇತಿಹಾಸ ಇದೆ. ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ 1893ರಲ್ಲಿ ಶುರುವಾದಾಗಲೇ ಸೇರುವವರಿಗೆ ಡಿಗ್ರಿ ಬೇಕು ಅಂತ ನಿಯಮ ಮಾಡಿತು. ಆಗಿನ ಕಾಲಕ್ಕೆ ಅದು ಬಹಳ ಕಟ್ಟುನಿಟ್ಟು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ, ಕೆನಡಾದ ಮೆಡಿಕಲ್ ಸ್ಕೂಲ್‌ಗಳನ್ನೆಲ್ಲಾ ನೋಡಿ ಒಂದು ವರದಿ ಕೊಟ್ಟರು. ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್ ಗೊತ್ತಿಲ್ಲದವರನ್ನು ಸೇರಿಸಿಕೊಳ್ಳಬಾರದು ಅಂತ ಅದರಲ್ಲಿ ಗಟ್ಟಿಯಾಗಿ ವಾದಿಸಿದರು. ಅವರು ಡಾಕ್ಟರ್ ಆಗಿರಲಿಲ್ಲ, ಶಾಲೆ ನಡೆಸಿದ್ದವರು. ನೂರು ವರ್ಷ ದಾಟಿದರೂ ಆ ಪಟ್ಟಿಯ ಮೂಲ ಹಾಗೇ ಉಳಿದಿದೆ. ಇಂಥದ್ದನ್ನು ಹಿಡಿದು ಅವಳು ಕೊನೆಯ ವರ್ಷದ ಪ್ರಬಂಧ ಬರೆದರೆ, ಸಂದರ್ಶನದಲ್ಲಿ ಮಾತಾಡಲು ತನ್ನದೇ ಅನ್ನುವಂಥ ವಿಷಯ ಇರುತ್ತದೆ.

ಜಾಗ ಉಳಿದರೆ ಸ್ಪ್ಯಾನಿಷ್ ಓದಲಿ. ನ್ಯೂಜೆರ್ಸಿಯಲ್ಲಿ ರೋಗಿಗಳ ಜೊತೆ ಮಾತಾಡಲು ಅದು ದಿನವೂ ಉಪಯೋಗಕ್ಕೆ ಬರುತ್ತದೆ. ಆಮ್‌ಕ್ಯಾಸ್ ಅರ್ಜಿಯಲ್ಲಿ ಬರುವ ಭಾಷೆಗಳನ್ನು, ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದರ ಸಮೇತ ಬರೆಯುವ ಜಾಗ ಇದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ ಅಂದರೆ ಅದನ್ನೂ ತಪ್ಪದೆ ಬರೆಯಲಿ. ಬಹಳ ಮಕ್ಕಳು ಇದೆಲ್ಲಾ ಲೆಕ್ಕಕ್ಕಿಲ್ಲ ಅಂತ ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಬಾರದ ಅಜ್ಜಿಯೊಬ್ಬರ ಹತ್ತಿರ ಅವರ ಮಾತಿನಲ್ಲೇ ನೋವು ಎಲ್ಲಿದೆ ಅಂತ ಕೇಳಬಲ್ಲ ಡಾಕ್ಟರ್ ಎಷ್ಟು ಮುಖ್ಯ ಅಂತ ಆಸ್ಪತ್ರೆಯವರಿಗೆ ಗೊತ್ತು.

ನೀವು ವೀಸಾ ಬಗ್ಗೆ ಬರೆದಿಲ್ಲ. ಮಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವಳಾದರೆ ಈ ಪ್ಯಾರಾ ಬಿಟ್ಟು ಮುಂದೆ ಓದಿ. ಎಚ್-4ರಲ್ಲಿ (ಕೆಲಸದ ವೀಸಾ ಇದ್ದವರ ಕುಟುಂಬಕ್ಕೆ ಕೊಡುವ ವೀಸಾ) ಇದ್ದರೆ ಇದು ಕೋರ್ಸ್ ಆಯ್ಕೆಗಿಂತ ದೊಡ್ಡ ವಿಷಯ. 21 ತುಂಬಿದಾಗ ಎಚ್-4 ಮುಗಿಯುತ್ತದೆ. ಹೆಚ್ಚಿನವರು ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳುತ್ತಾರೆ. ಅಮೆರಿಕದ ಬಹಳ ಮೆಡಿಕಲ್ ಸ್ಕೂಲ್‌ಗಳು, ಅದರಲ್ಲೂ ಸರ್ಕಾರಿ ಸ್ಕೂಲ್‌ಗಳು, ಎಫ್-1 ಇದ್ದವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಸ್ಕೂಲ್‌ಗಳು ತಮ್ಮ ರಾಜ್ಯದವರಿಗೇ ಮೊದಲು ಸೀಟು ಕೊಡುತ್ತವೆ. ಟೆಕ್ಸಾಸ್‌ನಲ್ಲಂತೂ ಶೇಕಡಾ 90 ಸೀಟು ಅಲ್ಲಿನವರಿಗೇ ಮೀಸಲು. ಹಾಗಾಗಿ ಎಂಎಸ್‌ಎಆರ್‌ನಲ್ಲಿ ಯಾವ ಸ್ಕೂಲ್ ಹೊರದೇಶದವರನ್ನು ತೆಗೆದುಕೊಳ್ಳುತ್ತದೆ ಅಂತ ಈಗಲೇ ಹುಡುಕಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವ ನಮ್ಮ ಎಷ್ಟೋ ಮನೆಗಳಿಗೆ ಇದು ಮೂರನೇ ವರ್ಷದಲ್ಲಿ ತಿಳಿದು ಎದೆ ಒಡೆದಿದೆ.

ಸೀಟು ಸಿಗದಿದ್ದರೆ ಹಿಸ್ಟರಿಯಿಂದ ಏನು ಮಾಡೋದು ಅಂತ ಯಜಮಾನರು ಕೇಳುವುದು ನ್ಯಾಯವಾದ ಪ್ರಶ್ನೆ. ಅದೇ ಪ್ರಶ್ನೆಯನ್ನು ಬಯಾಲಜಿ ಬಗ್ಗೆಯೂ ಕೇಳಬೇಕು. ಬರೀ ಬಯಾಲಜಿ ಬ್ಯಾಚುಲರ್ ಇಟ್ಟುಕೊಂಡು ಕೆಲಸ ಹುಡುಕುವುದೂ ಇಲ್ಲಿ ಸುಲಭ ಏನಲ್ಲ. ನಿಮ್ಮ ಮಗಳ ಕೈಯಲ್ಲಿ ಹಿಸ್ಟರಿ ಡಿಗ್ರಿಯ ಜೊತೆಗೆ 40 ಕ್ರೆಡಿಟ್‌ನಷ್ಟು ಸೈನ್ಸ್ ಇರುತ್ತದೆ. ಪಬ್ಲಿಕ್ ಹೆಲ್ತ್, ಆಸ್ಪತ್ರೆ ಆಡಳಿತ, ಲಾ, ಟೀಚಿಂಗ್ ಎಲ್ಲದಕ್ಕೂ ದಾರಿ ಇದೆ. ಒಂದೆರಡು ಕೋರ್ಸ್ ಸೇರಿಸಿಕೊಂಡರೆ ಫಿಸಿಶಿಯನ್ ಅಸಿಸ್ಟೆಂಟ್ ಕಡೆಗೂ ಹೋಗಬಹುದು. ಒಂದು ಸಲ ಸಿಗದಿದ್ದರೆ ಮುಗಿಯಿತು ಅಂತಲೂ ಅಲ್ಲ. ಈಗ ಮೆಡಿಕಲ್ ಸ್ಕೂಲ್ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಾಲೇಜು ಮುಗಿಸಿ ಒಂದಾದರೂ ವರ್ಷ ಬಿಟ್ಟು ಬಂದವರು. ಆ ವರ್ಷದಲ್ಲಿ ಲ್ಯಾಬ್‌ನಲ್ಲೋ ಕ್ಲಿನಿಕ್‌ನಲ್ಲೋ ಕೆಲಸ ಮಾಡಿರುತ್ತಾರೆ. ಮಗಳು ಹಾಗೆ ಒಂದು ವರ್ಷ ತಗೊಂಡರೆ ನಾಲ್ಕನೇ ವರ್ಷದ ಗ್ರೇಡ್ ಕೂಡ ಅರ್ಜಿಗೆ ಸೇರುತ್ತದೆ, ಫಿಸಿಕ್ಸ್ ಅನ್ನು ನಿಧಾನವಾಗಿ ಓದಬಹುದು. ಹಿಸ್ಟರಿ ಮೇಜರ್‌ಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ. ಇದನ್ನು ಒಂದು ವರ್ಷ ಹಾಳಾಯಿತು ಅಂತ ದಯವಿಟ್ಟು ನೋಡಬೇಡಿ.

ಆಗಸ್ಟ್‌ಗೆ ನಾನಾದರೆ ಹೀಗೆ ಹಾಕುತ್ತೇನೆ. ಜನರಲ್ ಕೆಮಿಸ್ಟ್ರಿ ಲ್ಯಾಬ್ ಸಮೇತ 4, ಸ್ಟ್ಯಾಟಿಸ್ಟಿಕ್ಸ್ 3, ಇಂಗ್ಲಿಷ್ ಬರವಣಿಗೆ 3, ಅವಳಿಗೆ ಇಷ್ಟವಾದ ಒಂದು ಹಿಸ್ಟರಿ 3, ಒಂದು ಕ್ರೆಡಿಟ್‌ನ ಫಸ್ಟ್ ಇಯರ್ ಸೆಮಿನಾರ್ ಇದ್ದರೆ ಅದು. ಒಟ್ಟು 14. ಜನವರಿಯಲ್ಲಿ ಕೆಮಿಸ್ಟ್ರಿ ಎರಡನೇ ಭಾಗ, ಸೈಕಾಲಜಿ, ಹಿಸ್ಟರಿ, ಮತ್ತೆ ಒಂದು ಬರವಣಿಗೆ. ಎರಡನೇ ವರ್ಷ ಆರ್ಗ್ಯಾನಿಕ್ ಜೊತೆ ಸೋಷಿಯಾಲಜಿ, ಒಂದು ಬಯಾಲಜಿ. ಮೂರನೇ ವರ್ಷ ಬಯೋಕೆಮಿಸ್ಟ್ರಿ, ಫಿಸಿಕ್ಸ್, ಫಿಸಿಯಾಲಜಿ.

ಓರಿಯೆಂಟೇಶನ್‌ಗೆ ಹೋದಾಗ ಪ್ರಿ-ಹೆಲ್ತ್ ಅಡ್ವೈಸರ್ ಯಾರು ಅಂತ ಕೇಳಿ ಹೆಸರು ಬರೆದುಕೊಳ್ಳಲಿ. ಹಿಸ್ಟರಿ ವಿಭಾಗದ ಅಡ್ವೈಸರ್‌ಗೆ ಮೆಡಿಕಲ್ ನಿಯಮಗಳು ಗೊತ್ತಿರುವುದಿಲ್ಲ. ಕೋರ್ಸ್ ಬಿಡುವುದಕ್ಕೆ ಕೊನೆಯ ದಿನ ಯಾವುದು ಅಂತಲೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಲಿ. ಕೆಮಿಸ್ಟ್ರಿಯ ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಆ ವಾರವೇ ಟ್ಯೂಟರಿಂಗ್ ಸೆಂಟರ್‌ಗೆ, ಪ್ರೊಫೆಸರ್ ಹತ್ತಿರ ಹೋಗಲಿ. ಎರಡನೇ ಪರೀಕ್ಷೆಯೂ ಕೈಕೊಟ್ಟರೆ ಕೊನೆಯ ದಿನದ ಒಳಗೆ ಬಿಟ್ಟು, ಮುಂದೆ ಸರಿಯಾಗಿ ತಗೊಳ್ಳಲಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯು ಅಂತ ಬೀಳುತ್ತದೆ, ಜಿಪಿಎಗೆ ಸೇರುವುದಿಲ್ಲ. ಒಂದು ಡಬ್ಲ್ಯುನಿಂದ ಯಾರ ಸೀಟೂ ತಪ್ಪಿಲ್ಲ. ಹಾಗೆ ಬಿಡಬೇಕಾಗಿ ಬಂದ ದಿನ ಅವಳು ನಿಮಗೆ ಫೋನ್ ಮಾಡಿ ಹೇಳುವಂತಿರಬೇಕು. ಆ ಧೈರ್ಯವನ್ನು ಈಗಲೇ ಕೊಟ್ಟು ಕಳಿಸಿ, ಯಜಮಾನರೂ ಜೊತೆಗೆ ಕೂತು ಹೇಳಲಿ.